ಎಡಗಡೆಯ ಪರದೆ

ರಾಣೆಬೆನ್ನೂರಿನ ಬೀಜದಂಗಡಿಯೊಂದರ ಮಾಳಿಗೆಯ ಕೋಣೆಯಲ್ಲಿ ರುದ್ರಮುನಿ ಮತ್ತು ಅವನ ಹೆಂಡತಿ ಭುವನಾ ಕಂಪ್ಯೂಟರ್ ಕೆಲಸ ನಡೆಸುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವವನು ಅವನು. ಅಂಗಡಿಗಳಿಗೆ ಹೋಗಿ ಗುಮಾಸ್ತರಿಗೆ ಅದನ್ನು ಕಲಿಸಿ ಬರುವವಳು ಅವಳು. ಯಾರ ಚೀಲ ಎಷ್ಟು ತೂಗಿತು, ಟೆಂಡರಿನಲ್ಲಿ ಯಾರು ಯಾವ ದರಕ್ಕೆ ಕೊಂಡರು, ಎಲ್ಲವೂ ಒಂದೇ ಚೀಟಿಯಲ್ಲಿ ಅಚ್ಚಾಗಿ ಬರುತ್ತಿತ್ತು. ಆ ಚೀಟಿ ಯಂತ್ರದಿಂದ ಕರಕರ ಎಂದು ಹೊರಗೆ ಬರುವುದನ್ನು ನೋಡುತ್ತ ನಿಲ್ಲುವುದೆಂದರೆ ರುದ್ರಮುನಿಗೆ ಬಲು ಇಷ್ಟ.

2007ರ ಸುಗ್ಗಿಯಲ್ಲಿ ಅವನ ಕೆಲಸದಲ್ಲಿ ತಪ್ಪುಗಳು ನುಸುಳತೊಡಗಿದವು. ಸಾಲಿನ ಮೊದಲ ಅಕ್ಷರಗಳು ಬಿಟ್ಟುಹೋಗುತ್ತಿದ್ದವು. ಪರದೆಯ ಮೂಲೆಯಲ್ಲಿದ್ದ ಬಟನ್ ಹುಡುಕಲು ಹೊತ್ತು ಹಿಡಿಯುತ್ತಿತ್ತು.

"ಪರದೆ ಸಣ್ಣದಾತು ನೋಡು," ಎಂದ ಹೆಂಡತಿಗೆ. "ಒಂದರಾಗ ಕೋಡು, ಇನ್ನೊಂದರಾಗ ಫಾರ್ಮು ತಗದಿಟ್ಕೊಂಡ್ರ ಹಿಂಗ ಆಗೂದಿಲ್ಲ. ಹುಬ್ಬಳ್ಳ್ಯಾಗ ನೋಡೇನಿ, ಎರಡೆರಡು ಮಾನಿಟರ್ ಇಟ್ಕೊಂಡು ಕುಂದರ್ತಾರ."

ಭುವನಾಳಿಗೂ ಅದು ಸರಿಯೆನಿಸಿತು. ಅವನು ಪದೇ ಪದೇ ಚಹಾದ ಕಪ್ಪು ಕೆಡವುತ್ತಿದ್ದುದಕ್ಕೂ, ಬಾಗಿಲಿಗೆ ಭುಜ ಬಡಿಸಿಕೊಳ್ಳುತ್ತಿದ್ದುದಕ್ಕೂ ಕೆಲಸದ ಗಡಿಬಿಡಿಯೇ ಕಾರಣವೆಂದು ಅವಳು ತಿಳಿದಿದ್ದಳು.

ಹಾವೇರಿಯ ರಿಪೇರಿ ಅಂಗಡಿಯ ಮಾಲತೇಶ ಹಳೆಯ ಮಾನಿಟರೊಂದನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಮೇಜು ಸಾಲದೆ ಕೆಳಗಿನ ಅಂಗಡಿಯಿಂದ ಹಲಗೆ ತಂದು ಜೋಡಿಸಿದರು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಇನ್ನೊಂದು ಕಾರ್ಡ್ ಕೂಡಿಸಿದ್ದಾಯಿತು. ಡಬ್ಬದಂಥ ಎರಡು ಮಾನಿಟರುಗಳನ್ನೂ ಒತ್ತಟ್ಟಿಗೆ ಇಟ್ಟರೆ ಪರದೆಯ ಚಿತ್ರಗಳು ನಡುಗುತ್ತಿದ್ದವು. ನಡುವೆ ಗೇಣು ಜಾಗ ಬಿಟ್ಟಾಗ ಸುಮ್ಮನಾದವು. ಹೊಸದಾಗಿ ಬಂದದ್ದು ಎಡಕ್ಕೆ ನಿಂತಿತು. ಅದರ ಬಿಳುಪು ಅರಿಸಿನ ಬೆರೆತ ಹಾಲಿನಂತಿತ್ತು.

ಮಾಲತೇಶ ಮೌಸ್ ಹಿಡಿದು ಪರದೆಯ ಮೇಲಿನ ಕಿಟಕಿಯೊಂದನ್ನು ಎಡಕ್ಕೆ ಎಳೆದ. ಅದು ಈ ಪರದೆಯಿಂದ ಜಾರಿ ಆ ಪರದೆಯಲ್ಲಿ ಹೋಗಿ ನಿಂತಿತು. ಭುವನಾ ಚಪ್ಪಾಳೆ ತಟ್ಟಿಬಿಟ್ಟಳು. ರುದ್ರಮುನಿ ಕತ್ತು ತಿರುಗಿಸಿ ನೋಡಿ, ತಡವಾಗಿ ನಕ್ಕ.

ಆದರೆ ವಾರ ಕಳೆಯುವುದರೊಳಗೆ ಅವನು ಯಂತ್ರವನ್ನು ಬೈಯತೊಡಗಿದ. ಪ್ರೋಗ್ರಾಂ ನಡುವೆಯೇ ನಿಂತುಬಿಡುತ್ತದೆ, ಮೌಸಿನ ಬಾಣದ ಗುರುತು ಮಾಯವಾಗುತ್ತದೆ ಎಂದು ಫೋನ್ ಮಾಡಿ ಮಾಲತೇಶನನ್ನು ಕರೆಸಿದ. ಅವನು ಬಂದು ವೈರು, ಕಾರ್ಡು ಎಲ್ಲ ತೆಗೆದು ಹಾಕಿ, "ಏನೂ ಆಗಿಲ್ರೀ ಸರ್, ಚೊಲೋ ಐತಿ," ಎಂದು ಹೋದ. ಮರುದಿನ ಮತ್ತೆ ಅದೇ ಗೋಳು.

"ನಿಂತ್ ಹೋತು ನೋಡು!" ಎಂದು ರುದ್ರಮುನಿ ಕೀಲಿಗಳನ್ನು ಕುಟ್ಟುತ್ತಿದ್ದ.

ಭುವನಾ ಹಿಂದಿನಿಂದ ನೋಡಿದಳು. ಎಡಗಡೆಯ ಪರದೆಯ ನಟ್ಟನಡುವೆ, ಮುಂದುವರಿಯಬೇಕೆ ಬೇಡವೆ ಎಂದು ಕೇಳುವ ಪ್ರಶ್ನೆ ತೆರೆದುಕೊಂಡಿತ್ತು. ಯಂತ್ರ ಅವನ ಉತ್ತರಕ್ಕಾಗಿ ಕಾಯುತ್ತಿತ್ತು, ಅಷ್ಟೇ.

"ಅಲ್ಲೇ ಕೇಳಾಕತ್ತೈತಲ್ರೀ."

"ಎಲ್ಲಿ?"

ಅವಳು ಅವನ ಎಡಗಡೆಗೆ ಸರಿದಳು. "ಮುಂದ ನೋಡ್ರಿ, ಕತ್ತು ಹೊಳ್ಳಿಸಬ್ಯಾಡ್ರಿ," ಎಂದು ಅವನ ಕಿವಿಯ ಹತ್ತಿರ ತನ್ನ ಕೈ ಹಿಡಿದು ಮೆಲ್ಲಗೆ ಮುಂದಕ್ಕೆ ತಂದಳು. ಕೆನ್ನೆ ದಾಟಿತು, ಕಣ್ಣಿನ ಅಂಚು ದಾಟಿತು. ಬೆರಳುಗಳು ಹೆಚ್ಚುಕಡಿಮೆ ಮೂಗಿನ ಎದುರಿಗೆ ಬಂದ ಮೇಲೆ ಅವನು ಬೆಚ್ಚಿದ. ಬಲಗಡೆಯಿಂದ ತಂದಾಗಲೂ ಹಾಗೆಯೇ ಆಯಿತು.

"ಏನ್ ಆಟ ಹಚ್ಚೀದಿ?" ಎಂದು ರೇಗಿದ. ಮರುದಿನ ಅವಳು ಅವನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಕತ್ತಲೆಯ ಕೋಣೆಯಲ್ಲಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಸುತ್ತಲಿನ ನೋಟ ಹೋಗಿ ನಡುವಿನದಷ್ಟೇ ಉಳಿದಿದೆ ಎಂದರು. "ಹೋಗಿದ್ದು ವಾಪಸ್ ಬರೂದಿಲ್ರೀ. ಇದ್ದದ್ದು ಉಳಿಸ್ಕೊಳ್ಳಾಕ ಡ್ರಾಪ್ಸ್ ಕೊಡ್ತೇನಿ. ನಿಮ್ಮ ಮನ್ಯಾಗ ಯಾರಿಗರ ಇತ್ತೇನು?"

ರುದ್ರಮುನಿಗೆ ತಾಯಿ ಮರಿಯವ್ವ ನೆನಪಾದಳು. ಕಡೆಗಾಲದಲ್ಲಿ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ವಯಸ್ಸಾಯಿತೆಂದು ಮನೆಯವರೆಲ್ಲ ಸುಮ್ಮನಿದ್ದರು.

ಊರಿಗೆ ಬಂದವನೇ ಭುವನಾಳಿಂದ ಆಣೆ ಮಾಡಿಸಿಕೊಂಡ, ಯಾರಿಗೂ ಹೇಳಕೂಡದೆಂದು. ಎಡಗಡೆಯ ಪರದೆಯನ್ನು ತಾನೇ ಬಂದ್ ಮಾಡಿದ.

ಮುಂದಿನ ಸುಗ್ಗಿಯಲ್ಲಿ, ಬ್ಯಾಡಗಿಯ ಸೋಮಣ್ಣನ ದಲಾಲಿ ಅಂಗಡಿಯಲ್ಲಿ, ನಟ್ಟನಡು ಹಗಲಲ್ಲಿ, ರುದ್ರಮುನಿ ತೂಕದ ಕಟ್ಟೆಗೆ ಎಡವಿ ಮೆಣಸಿನಕಾಯಿ ರಾಶಿಯ ಮೇಲೆ ಬಿದ್ದ. ಹಮಾಲರು ನಕ್ಕರು. "ಮುಂಜಾನೆನ ಏರಿಸ್ಯಾರ," ಎಂದು ಒಬ್ಬ ಅಂದ. ರುದ್ರಮುನಿ ಅಂಗಿ ಝಾಡಿಸಿಕೊಂಡು ತಾನೂ ನಕ್ಕ. ಅಲ್ಲವೆನ್ನಲಿಲ್ಲ.

ಕೆಲವು ದಿನಗಳ ಮೇಲೆ ಭುವನಾ ಅದೇ ಅಂಗಡಿಗೆ ಹೋದಾಗ ಸೋಮಣ್ಣ ದನಿ ತಗ್ಗಿಸಿದ. "ತಂಗೀ, ಸಿಟ್ಟಾಗಬ್ಯಾಡ. ನಿಮ್ಮವ್ರು ಕುಡ್ಯಾಕ ಹತ್ಯಾರಂತ? ಒಳ್ಳೇ ಮನಶ್ಯಾ. ಯಾಕ ಬಿಡಿಸವಲ್ಲಿ?"

ಅವಳಿಗೆ ತಡೆಯಲಾಗಲಿಲ್ಲ. "ಕುಡದಿಲ್ರೀ ಸಾವ್ಕಾರ್ರ. ಅವರ ಕಣ್ಣು ಹೊಂಟಾವು."

ಸೋಮಣ್ಣ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟ.

ಸಂಜೆ ಮನೆಯಲ್ಲಿ ವಿಷಯ ತಿಳಿದು ರುದ್ರಮುನಿ ಕೂಗಾಡಿದ. "ಕುಡುಕ ಅಂದ್ರೂ ಕೆಲಸ ಕೊಡ್ತಾರ. ಕುರುಡ ಅಂದ್ರ ಯಾರು ಕೊಡ್ತಾರ? ನನ್ನ ಬಾಯಾಗ ಮಣ್ಣ ಹಾಕಿದಿ!"

ಅವನು ಅಂದದ್ದೇ ನಡೆಯಿತು. ಒಬ್ಬೊಬ್ಬರಾಗಿ ದಲಾಲರು ಬೇರೆಯವರ ಕಡೆಯಿಂದ ಸಾಫ್ಟ್‌ವೇರ್ ಹಾಕಿಸಿಕೊಂಡರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಸಿಕ್ಕಾಗ ತೋಳು ಹಿಡಿದು ಬಸ್ಸಿನ ತನಕ ಬಿಟ್ಟು ಬರುತ್ತಿದ್ದರು. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಸೋಮಣ್ಣನೊಬ್ಬ ಉಳಿದ. ಭುವನಾ ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಲು ಹೊರಟಳು.

ಅವಳಿಲ್ಲದಾಗ ಅವನು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಬರೆಯುತ್ತಿದ್ದ. ಅವಳು ಬಂದು, ಎಡಗಡೆಯ ಪರದೆ ಹಚ್ಚಿ, ಅವನು ಊಟಕ್ಕೆ ಎದ್ದಾಗ ತಪ್ಪುಗಳನ್ನು ತಿದ್ದುತ್ತಿದ್ದಳು. ಅವನಿಗೆ ಗೊತ್ತಿತ್ತು. ಬರಬರುತ್ತ ನಡುವಿನ ನೋಟವೂ ಮಸುಕಾಗಿ, ಪರದೆಯಲ್ಲಿ ಒಂದೇ ಸಾಲು ಹಿಡಿಸುವಷ್ಟು ಅಕ್ಷರಗಳು ದೊಡ್ಡವಾದವು.

ಒಂದು ಮುಂಜಾನೆ ರುದ್ರಮುನಿ ಕುರ್ಚಿಯ ಬೆನ್ನು ಹಿಡಿದು ನಿಂತ. "ಇವತ್ತಿಂದ ನೀನ ಕುಂದ್ರು. ಓದು, ನಾ ಕೇಳ್ತೇನಿ."

ಅವಳು ಕೂತು, ಸೋಮಣ್ಣನ ಅಂಗಡಿಯ ಕೋಡನ್ನು ಸಾಲುಸಾಲಾಗಿ ಓದತೊಡಗಿದಳು. ಅವನು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. ನಡುವೆ ಒಂದು ಕಡೆ ತಪ್ಪಿತ್ತು. ತೂಕದ ಜಾಗದಲ್ಲಿ ದರ ಬಿದ್ದಿತ್ತು. ಅವಳು ಆ ಸಾಲನ್ನು ಓದಿ ತುಸು ತಡೆದಳು. ಹಿಂದೆ ಆಗಿದ್ದರೆ ಅವನು ಆ ತಪ್ಪನ್ನು ಥಟ್ಟನೆ ಹಿಡಿಯುತ್ತಿದ್ದ.

"ಯಾಕ ನಿಂತಿ?" ಎಂದ ಅವನು. "ಮುಂದ ಓದು."

ಭುವನಾ ಸದ್ದಾಗದಂತೆ ಅದನ್ನು ತಿದ್ದಿ, ಮುಂದಿನ ಸಾಲು ಓದಿದಳು.