ಏಣಿ ಹಿಡಿಯುವವನ ಪಗಾರ

ನನ್ನ ಅಂಗಡಿಯಲ್ಲಿ ಮಾರಿದ ಡಿಶ್ ಮನೆ ಮೇಲೆ ಕೂಡಿಸಲು ದಸ್ತಗೀರ ಚಾಚಾ ಹುಬ್ಬಳ್ಳಿಯ ಉಳಿದವರಿಗಿಂತ ನೂರು ರೂಪಾಯಿ ಹೆಚ್ಚು ತಗೊಳ್ಳುತ್ತಿದ್ದರು. ಆ ನೂರು ಅವರಿಗಲ್ಲ, ಕೆಳಗೆ ಏಣಿ ಹಿಡಿದು ನಿಲ್ಲುವವನಿಗೆ. ಕೈಗಾಡಿಯಲ್ಲಿ ಬ್ಯಾಟರಿ ಮಾರಿ ಟಿ.ವಿ. ಅಂಗಡಿ ಹಾಕಿದವನು ನಾನು. ಸುಮ್ಮನೆ ನಿಂತವನಿಗೆ ರೊಕ್ಕ ಕೊಡುವುದೆಂದರೆ ಹೊಟ್ಟೆ ಉರಿಯುತ್ತಿತ್ತು.

"ಚಾಚಾ, ಗ್ವಾಡಿಗೆ ಆನಿಸಿದ್ರ ಏಣಿ ತಾನ ನಿಲ್ತೈತಲ್ರಿ" ಅಂದರೆ, ಅವರು ಪಾನಾ, ಇಕ್ಕಳ ಇಡುವ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಿದ್ದರು. ಒಳಗೆ ಅಂಟಿಸಿದ್ದ ಚಿತ್ರದಲ್ಲಿ ಬೆನ್ನಿನ ಬಾಗಿಲು ತೆರೆದ ಅಮೆರಿಕದ ಬಾಹ್ಯಾಕಾಶ ನೌಕೆ, ಅದರಿಂದ ಮೇಲೇಳುತ್ತಿರುವ ಉಪಗ್ರಹ.

"ನಮ್ಮ ದೇಶದ ಉಪಗ್ರಹ ಬಿಡಾಕ ಐದು ಮಂದಿ ಹೋಗಿದ್ರು, ಬಸಣ್ಣ. ಐದೂ ಮಂದಿ ಅದನ್ನ ದೂಡಿದ್ರೇನು? ಗಾಡಿ ಅಳ್ಳಾಡದಂಗ ಹಿಡದು ಕುಂತವ್ರೂ ಇದ್ರು. ಅವ್ರಿಗೆ ಪಗಾರ ಕೊಡಲಿಲ್ಲೇನು?"

"ಅದು ಅಮೆರಿಕದವ್ರ ರೊಕ್ಕ, ಚಾಚಾ. ಇದು ಹುಬ್ಬಳ್ಳಿ ದುರ್ಗದ ಬೈಲು."

"ಎಲ್ಲಿ ಬಿದ್ರೂ ಎಲುಬು ಒಂದ ನಮೂನಿ ಮುರೀತಾವ, ತಮ್ಮಾ."

ಆ ನೌಕೆ ಹೋದಾಗ ಚಾಚಾ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದರಂತೆ. ಉಪಗ್ರಹ ಬಿಟ್ಟರೆಂದು ಸುದ್ದಿ ಬಂದಾಗ ಮಾಲೀಕ ಎಲ್ಲರಿಗೂ ಪೇಡೆ ಹಂಚಿದ. ಚಾಚಾ ತಮ್ಮ ಪೇಡೆ ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟರು. ದಿನಾ ರೇಡಿಯೋಕ್ಕೆ ಕಿವಿ ಹಚ್ಚಿ, "ಅವ್ರು ಇಳದ್ರೇನು?" ಎಂದು ಕೇಳುವುದು. ಇಳಿದ ಸುದ್ದಿ ಬರುವಷ್ಟರಲ್ಲಿ ಪೇಡೆ ಕಲ್ಲಾಗಿತ್ತು. ಅದನ್ನೇ ಕಡಿದು ತಿಂದರಂತೆ. ಮುಂದೆ ತಾವೂ ಅಷ್ಟೇ. ಮಾಳಿಗೆಯಿಂದ ಇಳಿಯುವ ಮೊದಲು ಯಾರ ಮನೆಯ ಚಹಾವನ್ನೂ ಮುಟ್ಟಲಿಲ್ಲ.

ಸುಳ್ಳ ಎಂಬ ಹಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಡಿಶ್ ಹಾಕಿಸಿದ ದಿನ ಕ್ರಿಕೆಟ್ ಮ್ಯಾಚ್ ಇತ್ತು. ಏಣಿ ಹಿಡಿಯುವ ಚಾಚಾರ ಸಂಗಡಿಗ ಮದುವೆಗೆ ಹೋಗಿದ್ದ. "ನಮ್ಮ ಮನ್ಯಾಗ ಇಷ್ಟು ಮಂದಿ ಅದೇವಿ, ನಾವ ಹಿಡಿತೇವಿ ಹತ್ರಿ" ಎಂದರು ವ್ಯಾಪಾರಿ. ಖರೇನೇ ಹಿಡಿದರು, ಮನೆಮಂದಿಯೆಲ್ಲ ಸೇರಿ. ಕೆಲಸ ಮುಗಿಸಿ ಚಾಚಾ ಏಣಿಗೆ ಕಾಲಿಟ್ಟರು. ಅಷ್ಟರಲ್ಲಿ ಒಳಗಿಂದ ಯಾರೋ, "ಬಂತು! ಚಿತ್ರ ಬಂತು!" ಎಂದು ಕೂಗಿದರು. ಹಿಡಿದ ಕೈಗಳೆಲ್ಲ ಒಳಗೋಡಿದವು. ಟಿ.ವಿ. ಗದ್ದಲದಲ್ಲಿ ಏಣಿ ಬಿದ್ದದ್ದು ಯಾರಿಗೂ ಕೇಳಲಿಲ್ಲ.

ಸೊಂಟ ಮುರಿದ ಚಾಚಾ ಗರಗ ಊರಿನಲ್ಲಿದ್ದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದರು. ಕಡೇ ಸಲ ಹೋದಾಗ ಅವರು ಕೇಳಿದ್ದು, "ಸುಳ್ಳದಾಗ ಚಿತ್ರ ಸ್ವಚ್ಛ ಬರ್ತೈತಿಲ್ಲೋ?"

"ಬರ್ತೈತ್ರಿ."

"ಹಂಗಾರ ನನ್ನ ಕೆಲಸಕ್ಕ ಯಾರೂ ಕುಂದು ಹೇಳೂ ಹಂಗಿಲ್ಲ" ಎಂದು ನಕ್ಕರು. ಆ ಮನೆಯವರನ್ನು ಒಂದು ಮಾತು ಬೈದಿದ್ದರೆ ನನಗಾದರೂ ಹಗುರಾಗುತ್ತಿತ್ತು. ಬೈಯಲಿಲ್ಲ. ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟರು.

ನಿಮಗೊಂದು ಮಾತು ಹೇಳುತ್ತೇನೆ. ಚೌಕಾಶಿ ಮಾಡುವುದಿದ್ದರೆ ಡಿಶ್ಶಿನ ದರದಲ್ಲಿ ಮಾಡಿ, ತಂತಿಯಲ್ಲಿ ಮಾಡಿ. ಬೇಕಾದರೆ ನಿಮ್ಮ ಕಡೆಯಿಂದ ನಾನೇ ಮಾತಾಡುತ್ತೇನೆ. ಆದರೆ ಮೇಲೆ ಹತ್ತಿದವನ ಎರಡೂ ಕಾಲು ನೆಲಕ್ಕೆ ತಾಗುವ ತನಕ ಕೈ ಬಿಡಬೇಡಿ. ಒಳಗೆ ಎಷ್ಟು ಬೇಕಾದರೂ ಕೂಗಲಿ. ತಪ್ಪಿಹೋದ ಸಿಕ್ಸರನ್ನು ಟಿ.ವಿ.ಯವರು ಮತ್ತೆ ಮತ್ತೆ ತೋರಿಸುತ್ತಾರೆ.