ಕೊನೆಯ ಬೈಕಿನ ವೀರೇಂದ್ರ ಮಾಮ

ನನ್ನ ಅಕ್ಷರ ಸೊಟ್ಟ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳಾದ್ದರಿಂದ ಮಾತೂ ಕಡಿಮೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೂಡಿಗೆರೆಯಿಂದ ತಿಂಗಳಿಗೊಂದು ಭಾನುವಾರ ಕಳಸದ ಕಡೆ ಹೊರಡುವ ಹನ್ನೆರಡು ಬೈಕುಗಳಲ್ಲಿ ವೀರೇಂದ್ರ ಮಾಮನದು ಈಗ ಎರಡು ವರ್ಷದಿಂದ ಯಾವಾಗಲೂ ಕೊನೆಯದು. ಮುಂದೆ ಆಮೆ ಹೋಗುತ್ತಿದ್ದರೂ ಅವರು ದಾಟುವವರಲ್ಲ. ಹೊರಡುವ ಮೊದಲು ಎಲ್ಲರ ಹೆಡ್‌ಲೈಟಿಗೂ ತಾವೇ ಹಳದಿ ಜಿಲೆಟಿನ್ ಪೇಪರ್ ಅಂಟಿಸುತ್ತಾರೆ, ಸುಡುಬಿಸಿಲಿದ್ದರೂ ಬಿಡುವುದಿಲ್ಲ. "ನನ್ನ ಬೈಕು ಅರಿಶಿನ ಹಚ್ಚಿದ ಮದುಮಗನ ಥರ ಕಾಣುತ್ತಲ್ಲ ವೀರೇಂದ್ರಣ್ಣ!" ಎಂದು ಅವರ ಗೆಳೆಯ ನಾಗೇಶ ರೇಗಿಸಿದರೆ, "ಕಾಣ್ಲಿ ಮಾರಾಯ, ಹಿಂದೆ ಬರೋನು ನಮ್ಮೋನೇ ಅಂತ ಕನ್ನಡೀಲಿ ಗೊತ್ತಾಗ್ಬೇಕು" ಎನ್ನುತ್ತಾರೆ. ಎರಡು ವರ್ಷದ ಹಿಂದೆ, ಮಂಜು ಮುಸುಕಿದ ಘಾಟಿಯಲ್ಲಿ, ಕನ್ನಡಿಯಲ್ಲಿ ಕಂಡ ಬೆಳಕನ್ನು ಕೊನೆಯಲ್ಲಿ ಬರುತ್ತಿದ್ದ ನನ್ನ ಅಪ್ಪನದೆಂದು ನಂಬಿ ವೀರೇಂದ್ರ ಮಾಮ ಕಳಸದವರೆಗೂ ನಿಶ್ಚಿಂತೆಯಿಂದ ಹೋಗಿದ್ದರು. ಅದು ಯಾರೋ ಬೇರೆಯವರ ಬೈಕು. ಅಪ್ಪ ತಿರುವಿನ ಕೆಳಗೆ ಬಿದ್ದಿದ್ದರು. ಹುಡುಕಿಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಬೈಕಿನ ಸದ್ದು ಕೇಳಿದರೆ ಅಮ್ಮ ಈಗಲೂ ಬಾಗಿಲಿಗೆ ಓಡಿ ಬರುತ್ತಾಳೆ. ಅದಕ್ಕೇ ವೀರೇಂದ್ರ ಮಾಮ ನಮ್ಮ ಮನೆ ಮುಂದಿನ ಏರಿನ ಬುಡಕ್ಕೆ ಬಂದೊಡನೆ ಎಂಜಿನ್ ಆರಿಸಿ, ಏದುಸಿರು ಬಿಡುತ್ತಾ, ತಲೆ ತಗ್ಗಿಸಿಕೊಂಡು ಆ ಏರಿನುದ್ದಕ್ಕೂ ಬೈಕು ತಳ್ಳುತ್ತಾರೆ. ಇದುವರೆಗೆ ನಾನು ಕಿಟಕಿಯಿಂದ ನೋಡಿದ್ದಷ್ಟೇ. ಈ ಭಾನುವಾರ ಗೇಟಿನ ಹೊರಗೆ ಬಂದು, ಏರು ಮುಗಿಯುವವರೆಗೂ ಅವರ ಬೈಕನ್ನು ಹಿಂದಿನಿಂದ ತಳ್ಳುತ್ತೇನೆ.