ಜಗತ್ತೇ ನೋಡುವ ಕುಣಿತ

ಅಮೆರಿಕದ ಫುಟ್‌ಬಾಲ್ ಫೈನಲ್‌ನ ವಿರಾಮದಲ್ಲಿ ನಡೆಯುವ ಹಾಡು-ಕುಣಿತವನ್ನು ಇಡೀ ಜಗತ್ತೇ ನೋಡುತ್ತದಂತೆ, ಗೆಳೆಯರೇ. ಕ್ಲೈಂಟ್ ಜೊತೆ ಹರಟಲು ವಿಷಯ ಬೇಕೆಂದು ನಮ್ಮ ಮ್ಯಾನೇಜರ್ ಇಡೀ ಟೀಮಿಗೆ ಅದನ್ನು ನೋಡಲು ಹೇಳಿದ್ದರು. ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಅಲಾರಂ ಇಟ್ಟು ಎದ್ದು ಟಿವಿ ಹಾಕಿದೆ. ಅಪ್ಪ ಚಹಾ ಹಿಡಿದು ಪಕ್ಕದಲ್ಲಿ ಕೂತರು.

“ನಮ್ಮ ಕಲಬುರಗಿ ಕಡೆ ಕುಸ್ತಿ ನಡದಾಗ ಹಲಗಿ ಬಾರಸ್ತಾರ. ಇವ್ರು ಆಟ ನಿಲ್ಲಿಸಿ ಬಾರಸಾಕತ್ತಾರಲ್ಲ!”

ಸಂಜೆಯ ಕಾಲ್‌ನಲ್ಲಿ, ಶೋ ಹೇಗಿತ್ತೆಂದು ಕ್ಲೈಂಟನ್ನು ನಾನೇ ಉತ್ಸಾಹದಿಂದ ಕೇಳಿದೆ. “ನೋಡಲಿಲ್ಲ. ಆ ಹೊತ್ತಿಗೆ ನಾಯಿಯನ್ನು ಹೊರಗೆ ಕರೆದೊಯ್ದಿದ್ದೆ,” ಎಂದ. ನಿದ್ದೆಗೆಟ್ಟು ನೋಡಿದ್ದು ನಮ್ಮ ಟೀಮಿನ ಎಂಟು ಜನ ಮಾತ್ರ.

ಅಪ್ಪನಿಗೆ ಹೇಳಿದೆ. “ಹಂಗಾರ ಅಷ್ಟು ಮಂದಿ ಯಾರ ಸಲುವಾಗಿ ಕುಣದ್ರೋ?” ಎಂದರು.

“ನಮ್ಮ ದಿಲ್‌ಸುಖ್‌ನಗರದ ಸಲುವಾಗಿ, ಅಪ್ಪಾ.”